ಭಯಕ್ಕೆ ತೆರುವ ಬೆಲೆ
(‘ಏಲಿಯನ್: ಐಸೊಲೇಷನ್’ ಎಂಬ ಆಟವೂ ಆಡಿದವರ ತೀರ್ಪೂ)

ಕೃತಿಯೊಂದು ಹೊರಬಿದ್ದ ವಾರದಲ್ಲಿ ಅದರ ವಿಷಯವಾಗಿ ಹುಟ್ಟುವ ಮಾತೂ, ಹತ್ತು ವರ್ಷ ಕಳೆದ ಮೇಲೆ ನಿಲ್ಲುವ ಮಾತೂ ಒಂದೇ ಆಗಿರುವುದು ವಿರಳ. ಕಾವ್ಯನಾಟಕಗಳ ಚರಿತ್ರೆಯನ್ನು ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ. ಆದರೆ ನಮ್ಮ ಕಾಲದ ತರುಣರು ಯಂತ್ರದ ಮುಂದೆ ಕುಳಿತು ಆಡುವ ವೀಡಿಯೋ ಆಟಗಳಿಗೂ ಇಂತಹದೊಂದು ವಿಮರ್ಶೆಯ ಚರಿತ್ರೆಯುಂಟೆಂಬುದನ್ನು ನಮ್ಮ ಮನೆಗಳ ಹಿರಿಯರು ಅಷ್ಟಾಗಿ ಗಮನಿಸಿದಂತೆ ಕಾಣುವುದಿಲ್ಲ. ಆಟವೆಂದ ಮೇಲೆ ಗೆದ್ದರೆ ಗೆದ್ದಂತೆ, ಸೋತರೆ ಸೋತಂತೆ. ಇದರಲ್ಲಿ ಗುಣದೋಷಗಳ ಚರ್ಚೆಗೆ ಎಡೆಯೆಲ್ಲಿ ಎಂದು ಸುಮ್ಮನಾಗುವವರೇ ಹೆಚ್ಚು. ಹಾಗಲ್ಲವೆಂಬುದನ್ನು ಒಂದು ನಿದರ್ಶನದಿಂದ ತೋರಿಸುವುದು ಈ ಲೇಖನದ ಉದ್ದೇಶ. ಆ ನಿದರ್ಶನವು ೨೦೧೪ರಲ್ಲಿ ಇಂಗ್ಲೆಂಡಿನಲ್ಲಿ ರಚಿತವಾದ ‘ಏಲಿಯನ್: ಐಸೊಲೇಷನ್’ ಎಂಬ ಭಯಾನಕದ ಆಟ. ಅದು ಚಲಚ್ಚಿತ್ರದಿಂದ ಹುಟ್ಟಿದುದು. ಹೊರಬಿದ್ದಾಗ ಕೆಲವರು ಅದರ ದೋಷವೆಂದು ಎತ್ತಿ ತೋರಿದುದನ್ನೇ ಮುಂದೆ ಹಲವರು ಅದರ ಗುಣವೆಂದು ಕೊಂಡಾಡಿದರು. ಇದು ಹೇಗಾಯಿತೆಂಬುದು ವಿಚಾರಾರ್ಹವಾಗಿದೆ.

ಮೊದಲು ಮೂಲದ ಮಾತು. ೧೯೭೯ರಲ್ಲಿ ರಿಡ್ಲಿ ಸ್ಕಾಟ್ ಎಂಬ ಆಂಗ್ಲ ನಿರ್ದೇಶಕನ ‘ಏಲಿಯನ್’ ಚಿತ್ರವು ತೆರೆಗೆ ಬಂದಿತು. ಆಕಾಶದಲ್ಲಿ ಸರಕು ಸಾಗಿಸುವ ನಾಸ್ಟ್ರೊಮೊ ಎಂಬ ನೌಕೆ. ಅದರಲ್ಲಿ ಏಳು ಮಂದಿ ಕೆಲಸಗಾರರು. ಅವರ ನಡುವೆ ಹೊಕ್ಕ ಒಂದೇ ಒಂದು ಅನ್ಯಲೋಕದ ಪ್ರಾಣಿ. ಕಥೆ ಇಷ್ಟೆ. ಪ್ರಾಣಿಯ ರೂಪವನ್ನು ಕಲ್ಪಿಸಿದವನು ಸ್ವಿಟ್ಜರ್ಲೆಂಡಿನ ಚಿತ್ರಕಾರ ಎಚ್. ಆರ್. ಗೀಗರ್. ಅದರ ವೇಷವನ್ನು ತೊಟ್ಟವನು ಬಹು ಎತ್ತರದ ಆಳಾದ ನೈಜೀರಿಯದ ಬೊಲಾಜಿ ಬಡೇಜೊ. ನಿರ್ದೇಶಕನು ಆ ವೇಷವನ್ನು ಪೂರ್ತಿಯಾಗಿ ಬಹಳ ಹೊತ್ತು ತೋರಿಸುವುದೇ ಇಲ್ಲ. ಒಮ್ಮೆ ಬಾಲ, ಒಮ್ಮೆ ಹಲ್ಲು, ಒಮ್ಮೆ ಕತ್ತಲಿನಲ್ಲಿ ಮತ್ತೂ ಕರಿದಾದ ಒಂದು ಆಕೃತಿ. ಕಾಣದಿರುವುದರಿಂದಲೇ ಅಲ್ಲಿ ಭಯವು ಬೆಳೆಯುತ್ತದೆ. ಕಡೆಗೆ ಬದುಕುಳಿಯುವವಳು ರಿಪ್ಲಿ ಎಂಬ ಹೆಂಗಸೊಬ್ಬಳು. ೧೯೮೬ರಲ್ಲಿ ಜೇಮ್ಸ್ ಕ್ಯಾಮೆರಾನನು ಇದರ ಮುಂದಿನ ಕಥೆಯನ್ನು ‘ಏಲಿಯನ್ಸ್’ ಎಂಬ ಹೆಸರಿನಿಂದ ಚಿತ್ರಿಸಿದನು. ಅದರಲ್ಲಿ ಪ್ರಾಣಿ ಒಂದಲ್ಲ, ಹಿಂಡು. ಎದುರಿಗೆ ಬಂದೂಕು ಹಿಡಿದ ಸೈನಿಕರು. ಮೊದಲನೆಯ ಚಿತ್ರದಲ್ಲಿ ಭಯಾನಕವೇ ಪ್ರಧಾನವಾದರೆ, ಎರಡನೆಯದರಲ್ಲಿ ವೀರವೂ ಬೆರೆಯಿತು.

ಆಟಗಳನ್ನು ಕಟ್ಟುವವರಿಗೆ ಎರಡನೆಯದೇ ಹೆಚ್ಚು ಹಿಡಿಸಿತೆಂದರೆ ಆಶ್ಚರ್ಯವಿಲ್ಲ. ಗುಂಡು ಹಾರಿಸುವುದನ್ನು ಆಟವಾಗಿಸುವುದು ಸುಲಭ; ಅಡಗಿ ಕುಳಿತು ಉಸಿರು ಬಿಗಿಹಿಡಿಯುವುದನ್ನು ಆಟವಾಗಿಸುವುದು ಕಷ್ಟ. ೧೯೮೨ರಲ್ಲಿ ಅಟಾರಿ ಯಂತ್ರಕ್ಕಾಗಿ ಬಂದ ಮೊದಲ ‘ಏಲಿಯನ್’ ಆಟವಂತೂ ಓಣಿಗಳಲ್ಲಿ ಓಡುತ್ತ ಮೊಟ್ಟೆಗಳನ್ನು ತುಳಿಯುವ ಬಾಲಕ್ರೀಡೆಯಾಗಿದ್ದಿತು. ಮುಂದೆ ಬಂದವುಗಳಲ್ಲಿ ಬಹುಪಾಲು ಬಂದೂಕಿನ ಆಟಗಳೇ. ಇತ್ತ ಜಪಾನಿನಲ್ಲಿ ೧೯೮೯ರಲ್ಲಿ ಕಿಯೋಶಿ ಕುರೋಸಾವನ ‘ಸ್ವೀಟ್ ಹೋಮ್’ ಎಂಬ ಚಿತ್ರವೂ, ಅದೇ ವಸ್ತುವಿನ ಮೇಲೆ ಕ್ಯಾಪ್ಕಾಮ್ ಕಂಪೆನಿಯವರ ಆಟವೂ ಹೊರಬಂದುವು. ಒಂದು ಹಾಳು ಮನೆಯೊಳಗೆ ಐದು ಮಂದಿ; ಅವರಲ್ಲಿ ಸತ್ತವರು ಮರಳಿ ಬರುವುದಿಲ್ಲ. ಈ ಬೀಜದಿಂದಲೇ ೧೯೯೬ರ ‘ರೆಸಿಡೆಂಟ್ ಈವಿಲ್’ ಹುಟ್ಟಿತು. ‘ಸರ್ವೈವಲ್ ಹಾರರ್’, ಎಂದರೆ ಪ್ರಾಣ ಉಳಿಸಿಕೊಳ್ಳುವುದೇ ಗೆಲುವಾದ ಭಯಾನಕದ ಆಟ, ಎಂಬ ಜಾತಿಯ ಹೆಸರೂ ಅಲ್ಲಿಂದ ಹರಡಿತು. ಈ ಜಾತಿಯಲ್ಲಿ ಆಟಗಾರನಿಗೆ ಶಸ್ತ್ರ ಕಡಮೆ, ದಾರಿ ಕತ್ತಲು, ಕಳೆದುಕೊಳ್ಳುವುದು ಬಹಳ. ‘ಏಲಿಯನ್’ ಚಿತ್ರದ ನಿಜವಾದ ಸಂತಾನವು ಹೀಗೆ ಬೇರೆ ಮನೆಯಲ್ಲಿ ಬೆಳೆಯುತ್ತಿದ್ದಿತೆನ್ನಬಹುದು.

೨೦೧೩ರ ಫೆಬ್ರವರಿಯಲ್ಲಿ ಸೇಗಾ ಕಂಪೆನಿಯು ‘ಏಲಿಯನ್ಸ್: ಕಲೋನಿಯಲ್ ಮರೀನ್ಸ್’ ಎಂಬ ಆಟವನ್ನು ಪ್ರಕಟಿಸಿತು. ಮುಂಗಡವಾಗಿ ತೋರಿಸಿದ ದೃಶ್ಯಗಳ ಸೊಗಸು ಕೈಗೆ ಬಂದ ಆಟದಲ್ಲಿ ಇರಲಿಲ್ಲ. ಕತ್ತಲೆಯ ಆಳವಿಲ್ಲ; ಪ್ರಾಣಿಗಳು ಬುದ್ಧಿಗೆಟ್ಟವುಗಳಂತೆ ಅಲೆಯುತ್ತಿದ್ದುವು. ಹಣ ಕೊಟ್ಟವರ ಕೋಪವು ಅಮೆರಿಕೆಯಲ್ಲಿ ನ್ಯಾಯಾಲಯದ ಮೆಟ್ಟಲನ್ನೂ ಏರಿತು. ಆದುದರಿಂದ ಮರುವರ್ಷ ಅದೇ ಕಂಪೆನಿಯಿಂದ ಅದೇ ವಂಶದ ಇನ್ನೊಂದು ಆಟವು ಬರುವುದೆಂದಾಗ ಆಟಗಾರರು ಅದನ್ನು ಸಂಶಯದಿಂದಲೇ ಎದುರುನೋಡಿದರೆ ಅದು ಅವರ ತಪ್ಪಲ್ಲ. ಮೊಸರು ಹುಳಿಯಾದ ಮನೆಯಲ್ಲಿ ಹಾಲನ್ನೂ ಮೂಸಿ ನೋಡುವುದು ಲೋಕದ ವಾಡಿಕೆಯಷ್ಟೆ.

ಹೊಸ ಆಟವನ್ನು ರಚಿಸಿದವರು ಇಂಗ್ಲೆಂಡಿನ ಹಾರ್ಷಮ್ ಊರಿನ ಕ್ರಿಯೇಟಿವ್ ಅಸೆಂಬ್ಲಿ ಎಂಬ ಸಂಸ್ಥೆಯವರು. ಸೇನೆಗಳನ್ನು ನಡೆಯಿಸುವ ‘ಟೋಟಲ್ ವಾರ್’ ಎಂಬ ಯುದ್ಧದ ಆಟಗಳಿಗೆ ಇವರು ಹೆಸರಾದವರೇ ಹೊರತು ಭಯಾನಕಕ್ಕೆ ಅಲ್ಲ. ಅಲ್ ಹೋಪ್ ಎಂಬಾತನ ಮುಂದಾಳುತನದಲ್ಲಿ ಇವರು ೧೯೮೬ರ ಚಿತ್ರವನ್ನು ಬಿಟ್ಟು ೧೯೭೯ರ ಚಿತ್ರಕ್ಕೆ ಹಿಂದಿರುಗಿದರು. ಚಿತ್ರದ ಕಾಲದ ನಕ್ಷೆಗಳನ್ನೂ ಛಾಯಾಚಿತ್ರಗಳನ್ನೂ ಪರಿಶೀಲಿಸಿ, ೧೯೭೯ರವರು ಊಹಿಸಿದ ಭವಿಷ್ಯವನ್ನೇ ಮತ್ತೆ ಕಟ್ಟಿದರು. ಆದುದರಿಂದ ಆ ಲೋಕದಲ್ಲಿ ನುಣುಪಾದ ಇಂದಿನ ಪರದೆಗಳಿಲ್ಲ. ಹಸುರು ಅಕ್ಷರಗಳು ನಡುಗುವ ಗಾಜಿನ ಪೆಟ್ಟಿಗೆಗಳು, ಟೇಪುಗಳು, ಒತ್ತಿದರೆ ಸದ್ದಾಗುವ ಗುಂಡಿಗಳು. ಪರದೆಯ ಚಿತ್ರಗಳನ್ನು ಹಳೆಯ ವೀಡಿಯೋ ಟೇಪಿನ ಮೇಲೆ ಮುದ್ರಿಸಿ, ಕೆಡಿಸಿ, ಮತ್ತೆ ಎತ್ತಿಕೊಂಡರಂತೆ. ಎರಡನೆಯ ಚಿತ್ರದ ವಿಸ್ತರಿಸಿದ ಪ್ರತಿಯಲ್ಲಿ ಒಂದು ಸಣ್ಣ ಸಂಗತಿಯುಂಟು: ರಿಪ್ಲಿಗೆ ಒಬ್ಬ ಮಗಳಿದ್ದಳು, ಮಗಳ ಹನ್ನೊಂದನೆಯ ಹುಟ್ಟುಹಬ್ಬಕ್ಕೆ ಬರುವೆನೆಂದು ತಾಯಿ ಮಾತು ಕೊಟ್ಟಿದ್ದಳು, ಬರಲಾಗಲಿಲ್ಲ. ಆ ಮಗಳು ಅಮಾಂಡಳನ್ನೇ ಇವರು ಕಥಾನಾಯಕಿಯಾಗಿ ಮಾಡಿದರು. ತಾಯಿ ಕಾಣೆಯಾದ ಹದಿನೈದು ವರ್ಷಗಳ ಮೇಲೆ ನೌಕೆಯ ದಾಖಲೆ ಸಿಕ್ಕಿತೆಂಬ ಸುದ್ದಿ ಕೇಳಿ ಆಕೆ ಸೆವಾಸ್ಟೊಪೋಲ್ ಎಂಬ ಆಕಾಶಠಾಣ್ಯಕ್ಕೆ ಬರುತ್ತಾಳೆ. ಠಾಣ್ಯವು ಹಾಳುಬಿದ್ದಿದೆ, ಒಳಗೆ ಆ ಪ್ರಾಣಿಯಿದೆ.

ಆಟದ ಕ್ರಮವನ್ನು ಸ್ವಲ್ಪದರಲ್ಲಿ ಹೇಳದಿದ್ದರೆ ಮುಂದಿನ ವಿವಾದವು ತಿಳಿಯದು. ನಮ್ಮ ಮಕ್ಕಳ ಕಣ್ಣಾಮುಚ್ಚಾಲೆಯೇ ಇದು; ಆದರೆ ಹುಡುಕುವವನು ಸಿಕ್ಕಿದವನನ್ನು ಮುಟ್ಟಿ ಬಿಡುವುದಿಲ್ಲ, ಕೊಲ್ಲುತ್ತಾನೆ. ಪ್ರಾಣಿಯನ್ನು ಕೊಲ್ಲುವ ಶಸ್ತ್ರವು ಆಟದಲ್ಲಿ ಇಲ್ಲವೇ ಇಲ್ಲ. ಬೆಂಕಿಯುಗುಳುವ ಒಂದು ಆಯುಧವು ತಡವಾಗಿ ಸಿಗುವುದುಂಟು. ಅದರಿಂದ ಪ್ರಾಣಿಯು ಕೊಂಚ ಹೊತ್ತು ಹಿಮ್ಮೆಟ್ಟುವುದೇ ಹೊರತು ಸಾಯುವುದಿಲ್ಲ. ಚಲನೆಯನ್ನು ತೋರಿಸುವ ಒಂದು ಕೈಯಂತ್ರವಿದೆ. ಅದನ್ನು ನೋಡುತ್ತಿದ್ದರೆ ಎದುರಿನ ದಾರಿ ಮಸುಕಾಗುತ್ತದೆ, ಪ್ರಾಣಿ ಹತ್ತಿರವಿದ್ದರೆ ಅದರ ಸದ್ದೇ ಅದಕ್ಕೆ ಕೇಳಿಸುತ್ತದೆ. ಹಾಗೂ, ಪ್ರಾಣಿಗೆ ಗೊತ್ತುಪಡಿಸಿದ ಹಾದಿಯಿಲ್ಲ. ಅದು ಕಂಡುದನ್ನೂ ಕೇಳಿದುದನ್ನೂ ಅನುಸರಿಸಿ ಅಲೆಯುತ್ತದೆ. ಕೆಲವು ಯಂತ್ರಗಳಲ್ಲಿ ಆಟಗಾರನ ಕೋಣೆಯ ಸದ್ದನ್ನೂ ಅದು ಕೇಳಿಸಿಕೊಳ್ಳುವಂತೆ ಏರ್ಪಡಿಸಿದ್ದರು. ಆಟದ ಪ್ರಗತಿಯನ್ನು ಉಳಿಸಿಕೊಳ್ಳಬೇಕಾದರೆ ಗೋಡೆಯ ಮೇಲಿನ ಒಂದು ಪೆಟ್ಟಿಗೆಯನ್ನು ಹುಡುಕಿ, ಚೀಟಿಯನ್ನು ತೂರಿಸಿ, ಮೂರು ದೀಪಗಳು ಒಂದೊಂದಾಗಿ ಹತ್ತುವವರೆಗೂ ನಿಂತಿರಬೇಕು. ಆ ಕೆಲವು ಕ್ಷಣಗಳಲ್ಲಿ ಹಿಂದಿನಿಂದ ಪ್ರಾಣಿ ಬಂದರೆ ಮುಗಿಯಿತು. ಹಿಂದಿನ ಪೆಟ್ಟಿಗೆಯಿಂದ ಇಲ್ಲಿಯವರೆಗಿನ ಶ್ರಮವೆಲ್ಲ ನೀರಿನಲ್ಲಿ ಹೋಮ.

೨೦೧೪ರ ಅಕ್ಟೋಬರ್ ೭ರಂದು ಆಟವು ಪ್ರಕಟವಾಯಿತು. ತೀರ್ಪು ಎರಡಾಗಿ ಸೀಳಿತು. ಪಿಸಿ ಗೇಮರ್ ಪತ್ರಿಕೆಯು ನೂರಕ್ಕೆ ೯೩ ಅಂಕಗಳನ್ನು ಕೊಟ್ಟು, ಆ ಚಿತ್ರಕ್ಕೆ ತಕ್ಕ ಆಟವು ಕಡೆಗೂ ಬಂದಿತೆಂದು ಹೊಗಳಿತು. ಅಷ್ಟೇ ಹೆಸರುಳ್ಳ ಐಜಿಎನ್ ಹತ್ತಕ್ಕೆ ೫.೯ನ್ನು ಕೊಟ್ಟಿತು; ಗೇಮ್‌ಸ್ಪಾಟ್ ಹತ್ತಕ್ಕೆ ೬ನ್ನು. ಒಂದೇ ಕೃತಿಯನ್ನು ಒಂದೇ ವಾರದಲ್ಲಿ ನೋಡಿದ ಪರಿಣತರಲ್ಲಿ ಇಷ್ಟು ಅಂತರವೆ! ವಿಶೇಷವೇನೆಂದರೆ, ಎರಡು ಕಡೆಯವರೂ ಹೇಳಿದ ಸಂಗತಿಗಳು ಹೆಚ್ಚಾಗಿ ಒಂದೇ. ಠಾಣ್ಯದ ಚಿತ್ರಣ ಅದ್ಭುತ, ಸದ್ದು ಮೈನಡುಗಿಸುವಂತಹದು, ಪ್ರಾಣಿ ಏನು ಮಾಡುವುದೆಂದು ಊಹಿಸಲಾಗದು, ಆಟ ದೀರ್ಘವಾದುದು, ಸತ್ತರೆ ಕಳೆದುಕೊಳ್ಳುವುದು ಬಹಳ. ಹೀಗೆ ವರ್ಣನೆಯಲ್ಲಿ ಒಮ್ಮತ, ಬೆಲೆ ಕಟ್ಟುವುದರಲ್ಲಿ ವಿರೋಧ. ಸಾಮಾನ್ಯ ಆಟಗಾರರೂ ಹಾಗೆಯೇ ಎರಡು ಪಂಗಡವಾದರು. ‘ಅರ್ಧ ಗಂಟೆಯ ಕಷ್ಟವನ್ನು ಕಾರಣವಿಲ್ಲದೆ ಕಸಿದುಕೊಳ್ಳುವುದು ಭಯವಲ್ಲ, ಪೀಡೆ’ ಎಂಬುದು ಒಂದು ಪಂಗಡದ ವಾದದ ಸಾರ. ‘ಕಸಿದುಕೊಳ್ಳದಿದ್ದರೆ ಹೆದರುವುದೇಕೆ?’ ಎಂಬುದು ಇನ್ನೊಂದರದು.

ಈ ವಾದವು ನಮ್ಮ ಅಲಂಕಾರಶಾಸ್ತ್ರವನ್ನು ಓದಿದವರಿಗೆ ಪರಿಚಿತವಾದ ಒಂದು ಪ್ರಶ್ನೆಯನ್ನು ನೆನಪಿಗೆ ತರುತ್ತದೆ. ಭರತನು ಹೇಳಿದ ಎಂಟು ರಸಗಳಲ್ಲಿ ಭಯಾನಕವೂ ಒಂದು. ಭಯವು ಲೋಕದಲ್ಲಿ ದುಃಖಕರವಾಗಿರುವಾಗ ರಂಗದಲ್ಲಿ ಅದು ಆಸ್ವಾದ್ಯವಾಗುವುದು ಹೇಗೆ? ಅಭಿನವಗುಪ್ತನು ಇದಕ್ಕೆ ಶಾಕುಂತಲದ ಮೊದಲನೆಯ ಅಂಕದ ಜಿಂಕೆಯನ್ನು ಉದಾಹರಿಸಿರುವನು. ದುಷ್ಯಂತನ ರಥದ ಮುಂದೆ ಪ್ರಾಣಭಯದಿಂದ ಓಡುವ ಆ ಜಿಂಕೆಯನ್ನು ಕಾಣುವ ಸಹೃದಯನು ‘ನಾನು ಹೆದರಿದೆನು’ ಎಂದಾಗಲಿ, ‘ಇನ್ನಾವನೋ ಹೆದರಿದನು’ ಎಂದಾಗಲಿ ಭಾವಿಸದೆ, ದೇಶಕಾಲಗಳ ಕಟ್ಟನ್ನು ಕಳಚಿದ ಭಯವನ್ನೇ ಅನುಭವಿಸುತ್ತಾನೆ. ತನ್ನ ಸ್ವಂತ ಸುಖದುಃಖಗಳಲ್ಲಿ ಮುಳುಗುವುದು ರಸಕ್ಕೆ ವಿಘ್ನವೆಂದೂ ಆತನ ಮತ. ಚಿತ್ರಮಂದಿರದಲ್ಲಿ ಕುಳಿತು ರಿಪ್ಲಿಯನ್ನು ನೋಡುವವನ ಸ್ಥಿತಿಗೆ ಈ ಮಾತು ಒಪ್ಪುತ್ತದೆ. ಆದರೆ ಆಟದಲ್ಲಿ ನೋಡುವವನೇ ಜಿಂಕೆ. ಓಡುವವನು ಅವನೇ, ಅಡಗುವವನು ಅವನೇ, ಸಿಕ್ಕಿಬೀಳುವವನೂ ಅವನೇ. ಹಾಗಾದರೆ ಅಲ್ಲಿ ಉಂಟಾಗುವುದು ರಸವೋ, ಬರಿಯ ಲೌಕಿಕ ಭಯವೋ?

ನಮ್ಮ ಮನೆಯ ಹುಡುಗನೊಬ್ಬನು ಈ ಆಟವನ್ನು ಆಡುತ್ತಿದ್ದಾಗ ಕೆಲವು ರಾತ್ರಿ ನಾನು ಹಿಂದೆ ಕುಳಿತು ನೋಡಿದೆನು. ಕಬ್ಬಿಣದ ಬೀರುವಿನೊಳಗೆ ಅಡಗಿ, ಸೀಳುಗಂಡಿಯಿಂದ ಪ್ರಾಣಿಯ ಕಾಲನ್ನು ಕಾಣುತ್ತ, ಅವನು ತನ್ನ ನಿಜವಾದ ಉಸಿರನ್ನೇ ಬಿಗಿಹಿಡಿದಿದ್ದನು. ಅಡುಗೆಮನೆಯಲ್ಲಿ ಲೋಟ ಬಿದ್ದುದಕ್ಕೆ ಬೆಚ್ಚಿದನು. ದೀಪದ ಪೆಟ್ಟಿಗೆಯ ಮುಂದೆ ಎರಡು ದೀಪ ಹತ್ತಿ ಮೂರನೆಯದು ಹತ್ತುವ ಮೊದಲು ಸತ್ತಾಗ, ಕೈಯಲ್ಲಿದ್ದುದನ್ನು ಮಂಚದ ಮೇಲೆ ಎಸೆದು ಎದ್ದುಹೋದನು. ಅಂದು ಕೇಳಿದ್ದರೆ ಆಟವು ಕೆಟ್ಟುದೆಂದೇ ಅವನು ತೀರ್ಪು ಕೊಡುತ್ತಿದ್ದನು. ಎರಡು ದಿನ ಬಿಟ್ಟು ತಾನಾಗಿಯೇ ಮತ್ತೆ ಕುಳಿತನು. ಈಗ ಅವನು ಮೆಲ್ಲಗೆ ನಡೆಯುವುದನ್ನು ಕಲಿತಿದ್ದನು. ಹೆದರುತ್ತಲೇ ಇದ್ದನಾದರೂ ಹೆದರಿಕೆಯನ್ನು ತಾನೇ ನೋಡುತ್ತಲೂ ಇದ್ದನು. ಆಟವು ಬದಲಾಗಿರಲಿಲ್ಲ; ಆಡುವವನ ವ್ಯವಧಾನವು ಬದಲಾಗಿದ್ದಿತು.

ವಿವಾದದ ಕೀಲು ಇಲ್ಲಿಯೇ ಇರುವುದೆಂದು ನನಗೆ ತೋರುತ್ತದೆ. ಆಟವು ಆಟಗಾರನಿಂದ ನಿಜವಾಗಿ ಕಸಿದುಕೊಳ್ಳಬಲ್ಲ ವಸ್ತು ಒಂದೇ: ಅವನ ಹೊತ್ತು. ಅಮಾಂಡಳ ಸಾವು ಮಿಥ್ಯೆ. ಕಳೆದ ಅರ್ಧ ಗಂಟೆ ಸತ್ಯ. ಆ ಸತ್ಯವಾದ ನಷ್ಟವಿಲ್ಲದಿದ್ದರೆ ಮಿಥ್ಯೆಯ ಪ್ರಾಣಿಗೆ ಹಲ್ಲಿಲ್ಲ. ನಷ್ಟವು ಅತಿಯಾದರೆ ಜಿಂಕೆಯ ಭಯವು ಮರೆತುಹೋಗಿ, ‘ನನ್ನ ಹೊತ್ತು ಹೋಯಿತಲ್ಲಾ’ ಎಂಬ ಸ್ವಂತ ದುಃಖವು ಮುಂದೆ ಬಂದು ನಿಲ್ಲುತ್ತದೆ, ಅದೇ ರಸವಿಘ್ನ. ಇವೆರಡರ ನಡುವಣ ಗೆರೆಯು ಕೃತಿಯಲ್ಲಿ ಮಾತ್ರ ಇರುವುದಿಲ್ಲ. ಆಡುವವನಿಗಿರುವ ಬಿಡುವಿನಲ್ಲಿಯೂ ಇರುತ್ತದೆ. ಗೊತ್ತಾದ ದಿನದೊಳಗೆ ಮುಗಿಸಿ ಬರೆಯಬೇಕಾದ ವಿಮರ್ಶಕನಿಗೆ ಅತ್ಯಂತ ಕಡಮೆಯಾಗಿರುವುದು ಬಿಡುವೇ. ಇರುಳಿಗೆ ಒಂದು ಗಂಟೆಯಂತೆ ತಿಂಗಳುಗಟ್ಟಲೆ ಆಡುವವನಿಗೆ ಅದು ಬೇಕಾದಷ್ಟು. ಇಬ್ಬರೂ ಸುಳ್ಳು ಹೇಳಲಿಲ್ಲ. ಇಬ್ಬರೂ ತೆತ್ತ ಬೆಲೆ ಬೇರೆ ಬೇರೆ.

ಹಾಗೆಂದು ದೂರಿದವರ ಮಾತೆಲ್ಲವನ್ನೂ ಬಿಡುವಿಲ್ಲದಿರುವಿಕೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಕಥೆಯ ಮಧ್ಯದಲ್ಲಿ ಪ್ರಾಣಿಯನ್ನು ಠಾಣ್ಯದಿಂದ ಹೊರಕ್ಕೆ ಎಸೆಯುವ ಒಂದು ಸಂದರ್ಭವಿದೆ. ಕಥೆಯು ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿದ್ದಿತೆಂದು ಆಟವನ್ನು ಮೆಚ್ಚಿದವರಲ್ಲಿಯೂ ಅನೇಕರು ಹೇಳುತ್ತಾರೆ. ಮುಂದೆ ಬಹಳ ಹೊತ್ತು ಪ್ರಾಣಿಯಿಲ್ಲದೆ, ರಬ್ಬರಿನ ಮುಖದ ಯಂತ್ರಮಾನವರೊಡನೆ ಹೆಣಗಬೇಕು. ಕೊನೆಯಂತೂ ಥಟ್ಟನೆ ಕತ್ತರಿಸಿದಂತಿದೆ. ತಾಯಿಯ ಧ್ವನಿಯನ್ನು ಹುಡುಕಿ ಬಂದ ಮಗಳ ಕಥೆಗೆ ಸಲ್ಲಬೇಕಾದ ಶಾಂತಿ ಅದರಲ್ಲಿ ಇಲ್ಲ. ಒಬ್ಬನು ಮೊದಲ ಬಾರಿ ಕಂಡಾಗ ನಡುಗಿಸಿದ ಪ್ರಾಣಿಯು ನೂರನೆಯ ಬಾರಿ ಕಂಡಾಗ ಬರಿಯ ಅಡಚಣೆಯಾಗುವುದೂ ಉಂಟು. ರಿಡ್ಲಿ ಸ್ಕಾಟನು ಎರಡು ಗಂಟೆಗಳಲ್ಲಿ ಪ್ರಾಣಿಯನ್ನು ಮರೆಮಾಡಿ ಗೆದ್ದನು. ಇಪ್ಪತ್ತು ಗಂಟೆಗಳ ಹತ್ತಿರದ ಆಟದಲ್ಲಿ ಅಷ್ಟು ಮರೆಮಾಡುವುದು ಸಾಧ್ಯವಾಗಲಿಲ್ಲ. ಈ ದೋಷಗಳನ್ನು ಕಾಲವೂ ಅಳಿಸಿಲ್ಲ.

ಆಟಗಾರರು ದೂರುವುದರಲ್ಲಿಯೇ ನಿಲ್ಲದೆ ಪರೀಕ್ಷಕರೂ ಆದರೆಂಬುದು ಈ ಚರಿತ್ರೆಯ ಇನ್ನೊಂದು ಸ್ವಾರಸ್ಯ. ‘ಎಷ್ಟು ದೂರ ಹೋದರೂ ಪ್ರಾಣಿ ನನ್ನ ತಲೆಯ ಮೇಲೆಯೇ ಸುಳಿಯುತ್ತದೆ, ಹಗ್ಗದಿಂದ ಕಟ್ಟಿದಂತಿದೆ’ ಎಂದು ಹಲವರು ಆಕ್ಷೇಪಿಸಿದ್ದರು. ಆಟದ ಒಳಗನ್ನು ಶೋಧಿಸಿದವರಿಂದ ತಿಳಿದುದೇನೆಂದರೆ, ಅಲ್ಲಿ ಎರಡು ಬುದ್ಧಿಗಳು ಕೆಲಸ ಮಾಡುತ್ತವೆ. ಮೇಲ್ವಿಚಾರಕನಂತಹ ಒಂದು ಬುದ್ಧಿಗೆ ಆಟಗಾರನೆಲ್ಲಿರುವನೆಂಬುದು ಸದಾ ಗೊತ್ತು; ಅದು ಪ್ರಾಣಿಗೆ ‘ಆ ಕಡೆ ಹೋಗು’ ಎಂದಷ್ಟೇ ಸೂಚಿಸುತ್ತದೆ. ಪ್ರಾಣಿಯ ಸ್ವಂತ ಬುದ್ಧಿಯು ಅಲ್ಲಿಂದ ಮುಂದೆ ಕಣ್ಣುಕಿವಿಗಳನ್ನು ನೆಚ್ಚಿಯೇ ಹುಡುಕಬೇಕು. ಆಟಗಾರನು ಬಹಳ ಹೊತ್ತು ಹೆದರಿದನೆಂದು ಕಂಡರೆ ಮೇಲ್ವಿಚಾರಕನೇ ಪ್ರಾಣಿಯನ್ನು ಹಿಂದಕ್ಕೆ ಕರೆಯುವುದೂ ಉಂಟು. ಆಕ್ಷೇಪಿಸಿದವರ ಊಹೆಯು ಪೂರ್ತಿ ನಿಜವೂ ಅಲ್ಲ, ಪೂರ್ತಿ ತಪ್ಪೂ ಅಲ್ಲ. ಹಗ್ಗವಿದ್ದುದು ನಿಜ, ಅದನ್ನು ಹಿಡಿದ ಕೈಯಲ್ಲಿ ಕೊಂಚ ಕನಿಕರವೂ ಇದ್ದಿತು.

ಇದರ ಮುಂದೆ ೨೦೧೩ರ ಕೆಟ್ಟ ಆಟದ ಕಥೆಯನ್ನು ಇಟ್ಟು ನೋಡಬೇಕು. ೨೦೧೮ರಲ್ಲಿ ಒಂದು ಸುದ್ದಿ ಹರಡಿತು. ಆ ಆಟದ ಆಜ್ಞೆಗಳ ಕಡತದಲ್ಲಿ ‘ಟೆದರ್’, ಎಂದರೆ ಕಟ್ಟುಹಗ್ಗ, ಎಂಬರ್ಥದ ಇಂಗ್ಲಿಷ್ ಮಾತಿನಲ್ಲಿ ಒಂದಕ್ಷರ ಹೆಚ್ಚಾಗಿ ಬಿದ್ದಿದ್ದಿತು. ಅದನ್ನು ಕಂಡುಹಿಡಿದವನು ಆಟಗಾರರಲ್ಲೊಬ್ಬನು. ಆ ಒಂದಕ್ಷರವನ್ನು ತೆಗೆದೊಡನೆ, ಬುದ್ಧಿಗೆಟ್ಟು ಅಲೆಯುತ್ತಿದ್ದ ಪ್ರಾಣಿಗಳು ಸುತ್ತುವರಿದು ಮೇಲೆ ಬೀಳುವುದನ್ನು ಕಲಿತುವೆಂದು ಪರೀಕ್ಷಿಸಿದವರು ಹೇಳಿದರು. ಒಂದು ಅಕ್ಷರದೋಷದಿಂದಲೇ ಆ ಆಟವು ಕೆಟ್ಟಿತೆನ್ನುವುದು ಅತಿಯಾದೀತು. ಆದರೂ ಲಿಪಿಕಾರರ ಸ್ಖಾಲಿತ್ಯದಿಂದ ಪದ್ಯದ ಅರ್ಥವೇ ಕೆಟ್ಟುದನ್ನು ಕಂಡಿರುವ ನಮ್ಮ ಗ್ರಂಥಸಂಪಾದಕರಿಗೆ ಇದು ಅರ್ಥವಾಗದ ಮಾತಲ್ಲ. ಒಂದು ಆಟದಲ್ಲಿ ಹಗ್ಗವು ಇದ್ದುದಕ್ಕೆ ದೂರು, ಇನ್ನೊಂದರಲ್ಲಿ ಹಗ್ಗವು ಹರಿದುದರಿಂದ ಹಾನಿ!

ಮುಂದಿನ ಸಂಗತಿಗಳನ್ನು ಬೇಗ ಹೇಳಿ ಮುಗಿಸುವೆನು. ೨೦೧೫ರ ಮಾರ್ಚಿಯ ಹೊತ್ತಿಗೆ ೨೧ ಲಕ್ಷಕ್ಕೆ ಮೇಲ್ಪಟ್ಟು ಪ್ರತಿಗಳು ಮಾರಾಟವಾಗಿದ್ದುವು. ಅದೇ ವರ್ಷ ರಚಿಸಿದವರು ಎರಡು ಹೊಸ ಕ್ರಮಗಳನ್ನು ಸೇರಿಸಿದರು: ಒಂದು ಬಹು ಸುಲಭವಾದುದು, ಇನ್ನೊಂದು ದುಃಸ್ವಪ್ನದಂತೆ ಕಠಿಣವಾದುದು. ಎರಡು ಪಂಗಡಗಳಿಗೂ ಅವರು ಕೊಟ್ಟ ಮೌನವಾದ ಉತ್ತರವು ಇದೆಂದು ತಿಳಿಯಬಹುದು. ೨೦೧೭ರಲ್ಲಿ ಒಬ್ಬ ಆಟಗಾರನು, ಕಣ್ಣಿಗೆ ಕಟ್ಟಿಕೊಳ್ಳುವ ಯಂತ್ರದ ಮೂಲಕ ಠಾಣ್ಯದೊಳಗೆ ತಾನೇ ನಿಂತಂತೆ ತೋರುವ ಏರ್ಪಾಡನ್ನು ಸ್ವಂತ ಶ್ರಮದಿಂದ ಕಲ್ಪಿಸಿ ಉಳಿದವರಿಗೆ ಹಂಚಿದನು. ೨೦೧೯ರಲ್ಲಿ ನಿಂಟೆಂಡೋ ಸ್ವಿಚ್ ಯಂತ್ರಕ್ಕೂ, ೨೦೨೧ರಲ್ಲಿ ಕೈಫೋನುಗಳಿಗೂ ಆಟವು ಬಂದಿತು. ವರ್ಷ ವರ್ಷವೂ ಹೊಸಬರು ಆಡಿ, ಹೆದರಿ, ಹಳಬರೊಡನೆ ವಾದಿಸಿದರು. ಭಯಾನಕದ ಆಟಗಳಲ್ಲಿ ಇದನ್ನು ಮೊದಲ ಸಾಲಿನಲ್ಲಿ ಎಣಿಸುವುದು ವಾಡಿಕೆಯಾಯಿತು. ೨೦೨೪ರ ಅಕ್ಟೋಬರ್ ೭ರಂದು, ಸರಿಯಾಗಿ ಹತ್ತು ವರ್ಷ ತುಂಬಿದ ದಿನ, ಇದರ ಮುಂದಿನ ಭಾಗದ ಕೆಲಸ ಮೊದಲಾಗಿರುವುದೆಂದು ಅಲ್ ಹೋಪನು ಪ್ರಕಟಿಸಿದನು.

ಈ ಹತ್ತು ವರ್ಷಗಳ ಚರಿತ್ರೆಯಿಂದ, ಮೊದಲು ಹಳಿದವರು ಸೋತರು, ಹೊಗಳಿದವರು ಗೆದ್ದರು ಎಂಬ ನೀತಿಯನ್ನು ಎತ್ತಿಕೊಳ್ಳುವುದು ಸುಲಭ. ಆದರೆ ಅದು ಸಾಲದು. ಹಳಿದವರು ತಾವು ತೆತ್ತ ಬೆಲೆಯನ್ನು ಮರೆಮಾಚದೆ ಹೇಳಿದರು. ಅವರ ಮಾತನ್ನು ಓದಿಯೇ ಮುಂದಿನವರು ಬಿಡುವು ಮಾಡಿಕೊಂಡು ಆಟಕ್ಕೆ ಕುಳಿತರು. ೨೦೧೩ರಲ್ಲಿ ಮೋಸಹೋದವರ ಕೋಪವಿಲ್ಲದಿದ್ದರೆ, ೨೦೧೪ರ ಆಟದ ಪ್ರಾಮಾಣಿಕತೆಯು ಅಷ್ಟು ಬೇಗ ಕಣ್ಣಿಗೆ ಬೀಳುತ್ತಲೂ ಇರಲಿಲ್ಲ. ತೀರ್ಪು ಕೊಡುವವನು ತಾನು ಎಷ್ಟು ಹೊತ್ತು ಕೊಟ್ಟೆನೆಂಬುದನ್ನೂ ಜೊತೆಯಲ್ಲಿ ಹೇಳುವುದಾದರೆ, ಕೇಳುವವನು ತನ್ನ ಗಂಟಿನಲ್ಲಿ ಎಷ್ಟು ಹೊತ್ತಿದೆಯೆಂದು ಎಣಿಸಿಕೊಳ್ಳಬಹುದು. ಪುಸ್ತಕಗಳ ವಿಷಯದಲ್ಲಿಯೂ ನಾವು ಈ ಪದ್ಧತಿಯನ್ನು ಇಟ್ಟುಕೊಂಡರೆ ಕೆಟ್ಟುದೇನೂ ಆಗಲಾರದು.

ನಮ್ಮ ಮನೆಯ ಹುಡುಗನು ಆಟವನ್ನು ಮುಗಿಸಿದ ರಾತ್ರಿ ಹೇಗಿದ್ದಿತೆಂದು ಕೇಳಿದೆನು. ‘ಕೊನೆ ಚೆನ್ನಾಗಿಲ್ಲ’ ಎಂದನು. ಸ್ವಲ್ಪ ಹೊತ್ತಿನ ಮೇಲೆ, ‘ಮತ್ತೊಂದು ಸಲ ಆಡಬೇಕು’ ಎಂದನು. ಎರಡು ಮಾತೂ ನಿಜವೆಂದೇ ನಾನು ನಂಬಿದ್ದೇನೆ.